ನಂಬಿಗಸ್ತ ಗೌಂಡಿ ಯಾರು? ಬುಟ್ಟಿ ಹೊತ್ತಾಕಿನ್ನ ಕೇಳ್ರಿ



ಭಾರತ ಹುಣ್ಣಿಮೆ ಜಾತ್ರೆ ಮುಗಿದ ಮೇಲೆ ನಮ್ಮ ಮುನವಳ್ಳಿ, ಸವದತ್ತಿ, ರಾಮದುರ್ಗ ಕಡೆ ಮನೆ ರಿಪೇರಿಯ ಕೆಲಸಗಳು ಶುರುವಾಗ್ತವೆ. ಮಿರಗದ ಮಳೆ ಕೂಡೋದರೊಳಗೆ ಹಳೇ ಮಾಳಿಗೆ ಇಳಿಸಬೇಕು, ಪತ್ರಾ ತೆಗೆದು ಸ್ಲ್ಯಾಬ್ ಹಾಕಬೇಕು, ಬಿರುಕು ಬಿಟ್ಟ ಗೋಡೆ ಕೆಡವಿ ಕಟ್ಟಬೇಕು. ಈ ದಿನಗಳಲ್ಲಿ ನನಗೆ ಬರುವ ಫೋನುಗಳಲ್ಲಿ ಎಷ್ಟೋ ಇದೇ ಆಗಿರ್ತವೆ: "ಅಣ್ಣಾರ, ಒಬ್ಬ ನಂಬಿಗಸ್ತ ಗೌಂಡಿ ಇದ್ದರ ಹೇಳ್ರಿ." ಸಂಘಟನೆಯವರನ್ನ ಇದನ್ನೂ ಕೇಳ್ತಾರಾ ಅಂತ ಕೆಲವು ಗೆಳೆಯರು ನಗ್ತಾರೆ. ನನಗೆ ಇದು ನಗುವ ವಿಷಯ ಅನಿಸೋದಿಲ್ಲ. ಮೀಸಲಾತಿ, ಒಳಮೀಸಲಾತಿ, ಭೂಮಿ, ಸ್ಮಶಾನ ಎಲ್ಲದರ ಬಗ್ಗೆ ಬರೀತೀವಿ. ಆದರೆ ನಮ್ಮ ಕೇರಿಯ ಒಂದು ಮನೆತನ ಜೀವಮಾನದಲ್ಲಿ ಒಂದೇ ಸಲ ಮಾಡುವ ದೊಡ್ಡ ಖರ್ಚು ಯಾವುದು? ಮನೆ. ಆ ದುಡ್ಡು ಕೈತಪ್ಪಿದರೆ ಎರಡನೇ ಸಲ ಬರೋದಿಲ್ಲ. ಅದಕ್ಕೇ ಇದೂ ಚಳವಳಿಯ ವಿಷಯ.

ಲೆಕ್ಕ ನೋಡಿ. ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆಯಲ್ಲಿ ಪರಿಶಿಷ್ಟರಿಗೆ ನಿಗದಿ ಮಾಡಿದ ಸಹಾಯಧನ ಹಳ್ಳಿಯಲ್ಲಿ 1.75 ಲಕ್ಷ, ಪಟ್ಟಣದಲ್ಲಿ 2 ಲಕ್ಷ. ಅದರಲ್ಲಿ ಇವತ್ತು ಮನೆ ಮುಗಿಯೋದಿಲ್ಲ. ಉಳಿದಿದ್ದು ಸ್ವಸಹಾಯ ಸಂಘದ ಸಾಲ, ಮಗಳ ಮದುವೆಗೆ ಕೂಡಿಟ್ಟದ್ದು, ಬೆಂಗಳೂರು–ಪುಣೆಗೆ ದುಡಿಯೋಕೆ ಹೋದ ಮಗ ಕಳಿಸಿದ್ದು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಬಂದಾಗ ಹೊಳೆದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆಯ ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಅಂತು, ಅದೂ ಕಂತಿನಲ್ಲಿ. ಮೊದಲ ಕಂತು ಕೈಗೆ ಬಂದ ದಿನವೇ ಮನೆ ಬಾಗಿಲಿಗೆ ಕಾಂಟ್ರ್ಯಾಕ್ಟರು ಬಂದು ನಿಂತದ್ದನ್ನ ನಾವೆಲ್ಲ ನೋಡಿದ್ದೇವೆ. "ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ, ಎಲ್ಲಾ ನಮಗ ಬಿಡ್ರಿ" ಅನ್ನೋ ಮಾತು. ನಾನು ಹೇಳೋದು ಇಷ್ಟೇ: ಎಲ್ಲಾ ನಮಗೆ ಬಿಡ್ರಿ ಅನ್ನುವವನಿಗೆ ಏನೂ ಬಿಡಬೇಡಿ.

ಈಗ ನಾವು ಗೌಂಡಿಯನ್ನ ಹೇಗೆ ಆರಿಸ್ತೇವೆ? ಮೂರು ದಾರಿ ಇವೆ.

ಒಂದು, "ಗೌಡರ ಮನಿ ಕಟ್ಟಿದಾಂವ, ಭಾರಿ ಕೆಲಸ." ಗೌಡರ ಮನೆಯಲ್ಲಿ ದಿನಾ ಮುಂದೆ ನಿಂತು ಕೇಳುವವರು ಇದ್ದರು, ಇಂಜಿನಿಯರ್ ಇದ್ದ, ಅಂಗಡಿಯಿಂದ ಮಾಲು ಅವರೇ ತರಿಸಿದ್ದರು. ಅದೇ ಮನುಷ್ಯ ನಮ್ಮ ಕೇರಿಗೆ ಬಂದರೆ ಬೆಳಿಗ್ಗೆ ಒಬ್ಬ ಹುಡುಗನನ್ನ ಬಿಟ್ಟು ಹೋಗಿ ಸಂಜೆ ಬರ್ತಾನೆ. ಮನೆಯವರು ಕೂಲಿಗೆ ಹೋಗಿರ್ತಾರೆ, ನೋಡುವವರು ಯಾರೂ ಇಲ್ಲ ಅಂತ ಅವನಿಗೆ ಗೊತ್ತು. ದೊಡ್ಡವರ ಮನೆಯ ಕೆಲಸ ಅವನ ಕೈಚಳಕಕ್ಕೆ ಸಾಕ್ಷಿ ಹೇಳಬಹುದು, ನಮ್ಮ ಮನೆಯಲ್ಲಿ ಅವನು ಹೇಗೆ ನಡಕೊಳ್ತಾನೆ ಅನ್ನೋದಕ್ಕಲ್ಲ.

ಎರಡು, "ನಮ್ಮಾಂವ, ನಮ್ಮ ಬೀಗರ ಕಡಿಯಾಂವ." ಇದರ ಬಗ್ಗೆ ಮುಂದೆ ಬರೀತೀನಿ, ಯಾಕಂದ್ರೆ ಇದು ಸೂಕ್ಷ್ಮದ ಮಾತು.

ಮೂರು, "ಲೀಡರ್ ಹೇಳ್ಯಾರ." ಸಹಾಯಧನದ ಮನೆ ಮಂಜೂರು ಮಾಡಿಸಿಕೊಟ್ಟವರು ಜೊತೆಗೇ ಕಾಂಟ್ರ್ಯಾಕ್ಟರನ್ನೂ ಕಳಿಸ್ತಾರೆ. ಬೇಡ ಅಂದರೆ ಮುಂದಿನ ಕಂತು ನಿಲ್ಲುತ್ತೆ ಅಂತ ಭಯ. ಈ ಭಯಕ್ಕೆ ಆಧಾರ ಇಲ್ಲ. ಹಣ ಬರೋದು ಫಲಾನುಭವಿಯ ಬ್ಯಾಂಕ್ ಖಾತೆಗೆ. ಪಾಯ, ಗೋಡೆ, ಛಾವಣಿ, ಪೂರ್ಣ ಅಂತ ಹಂತಹಂತಕ್ಕೆ ಜಿಪಿಎಸ್ ಫೋಟೋ ತೆಗೆದ ಮೇಲೆ. ಮನೆ ಯಾರ ಕೈಯಿಂದ ಕಟ್ಟಿಸಬೇಕು ಅನ್ನೋದು ಮನೆಯವರ ಹಕ್ಕು.

ಹಾಗಾದರೆ ಯಾರನ್ನ ಕೇಳಬೇಕು?

ನನ್ನ ಅಭಿಪ್ರಾಯ ಹೇಳ್ತೀನಿ. ಗೌಂಡಿಯ ಹತ್ತಿರ ಹಳೇ ಮನೆ ಮಾಲೀಕರ ಹೆಸರು ಕೇಳಿದರೆ ಅವನು ತನಗೆ ಬೇಕಾದ ಇಬ್ಬರ ಹೆಸರೇ ಕೊಡ್ತಾನೆ. ಅವರ ಮನೆಗೂ ಹೋಗಿ ನೋಡಿ, ಬೇಡ ಅನ್ನಲ್ಲ. ಆದರೆ ಅದಕ್ಕಿಂತ ಮೊದಲು ಅವನ ಕೈಕೆಳಗೆ ಬುಟ್ಟಿ ಹೊತ್ತ ಹೆಣ್ಮಕ್ಕಳನ್ನ ಕೇಳಿ. ಸಿಮೆಂಟು–ಉಸುಕು ಕಲಸಿದವಳು ಆಕೆ. ಎಷ್ಟು ಬುಟ್ಟಿ ಉಸುಕಿಗೆ ಒಂದು ಚೀಲ ಸಿಮೆಂಟು ಬಿತ್ತು ಅಂತ ಇಂಜಿನಿಯರಿಗಿಂತ ಚೆನ್ನಾಗಿ ಆಕೆಗೆ ಗೊತ್ತು. ಮಾಲೀಕ ಇದ್ದಾಗ ಒಂದು ಲೆಕ್ಕ, ಇಲ್ಲದಾಗ ಒಂದು ಲೆಕ್ಕ ಇತ್ತಾ? ವಾರದ ಬಟವಾಡೆ ಸಂತೆ ದಿನಕ್ಕೆ ಸರಿಯಾಗಿ ಕೊಟ್ಟನಾ, "ಮುಂದಿನ ವಾರ" ಅಂದನಾ? ಕಾಲು ಜಾರಿ ಬಿದ್ದಾಗ ದವಾಖಾನೆಗೆ ಕರಕೊಂಡು ಹೋದನಾ, ಮನೆಗೆ ಕಳಿಸಿದನಾ? ಗಂಡಾಳಿನಷ್ಟೇ ಭಾರ ಹೊತ್ತಾಕಿಗೆ ಎಷ್ಟು ಕೂಲಿ ಕೊಟ್ಟ? ಸಮಾನ ವೇತನದ ಕಾನೂನು 1976ರಲ್ಲೇ ಬಂದಿದೆ, ಬುಟ್ಟಿಯ ಹತ್ತಿರ ಇನ್ನೂ ಬಂದಿಲ್ಲ.

ಕೂಲಿಯವರ ದುಡ್ಡು ತಿಂದವನು ನಿಮ್ಮ ದುಡ್ಡೂ ತಿಂತಾನೆ. ಕೂಲಿ ಸರಿಯಾಗಿ ಸಿಗದ ಆಳುಗಳು ಅರ್ಧಕ್ಕೆ ಬಿಟ್ಟು ಹೋಗ್ತಾರೆ, ನಿಮ್ಮ ಗೋಡೆ ಲಿಂಟಲ್ ಮಟ್ಟಕ್ಕೆ ನಿಲ್ಲುತ್ತೆ. ಹಾಗಾಗಿ ಇದು ಬರೀ ಕನಿಕರದ ಪ್ರಶ್ನೆ ಅಲ್ಲ, ನಿಮ್ಮ ಮನೆಯ ಪ್ರಶ್ನೆಯೂ ಹೌದು. ಬ್ಯಾರೆ ಓಣಿಯವರು ಈ ಮಾಹಿತಿಗೆ ಎಲ್ಲಿ ಹೋಗಬೇಕು? ನಮಗೆ ಅದು ಮನೆ ಮುಂದಿನ ಕಟ್ಟೆಯಲ್ಲೇ ಇದೆ. ಊರಿನ ಅರ್ಧ ಮನೆಗಳಿಗೆ ಕಲ್ಲು ಹೊತ್ತವರು ನಮ್ಮ ಅವ್ವ, ಅಕ್ಕ, ಚಿಗವ್ವ. ನಮ್ಮ ಕೈಯಲ್ಲಿರುವ ಈ ತಿಳಿವಳಿಕೆಯನ್ನ ನಾವೇ ತಿಳಿವಳಿಕೆ ಅಂತ ಎಣಿಸೋದಿಲ್ಲ.

ಗೌಂಡಿಯನ್ನ ಮೊದಲ ಸಲ ಮನೆ ನೋಡೋಕೆ ಕರೆದಾಗ ಇನ್ನೊಂದು ಪರೀಕ್ಷೆ ಮಾಡಬಹುದು. ಅವನು ಎಷ್ಟು ಸಲ "ಆಗಂಗಿಲ್ಲ" ಅಂತಾನೆ ನೋಡಿ. ನಮ್ಮ ಕಡೆ ಹಳೇ ಮನೆಗಳು ಕಲ್ಲು–ಮಣ್ಣಿನ ಗೋಡೆಯವು. ಅದರ ಮೇಲೆ ಹಾಗೇ ಸ್ಲ್ಯಾಬ್ ಹಾಕಿಕೊಡ್ತೀನಿ ಅಂತ ಒಪ್ಪಿಕೊಂಡವನು ನಿಮ್ಮನ್ನ ಅಪಾಯಕ್ಕೆ ದೂಡ್ತಿದ್ದಾನೆ. ಮಣ್ಣಿನ ಗೋಡೆ ಜಂತಿ–ತೊಲೆಯ ಭಾರಕ್ಕೆ ಕಟ್ಟಿದ್ದು. ಸ್ಲ್ಯಾಬಿಗೆ ಕಾಲಂ ಬೇಕಾಗುತ್ತೆ, ಇಂಜಿನಿಯರ್ ಬಂದು ನೋಡಬೇಕಾಗುತ್ತೆ. ಹಾಗೆಯೇ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಜೊತೆಗೆ ಗೋಡೆಯನ್ನೂ ಬಿರಿಸುತ್ತೆ. ಒಂದು ತಗ್ಗು ತೋಡಿ ಕೆಳಗೆ ಏನಿದೆ ನೋಡದೆ ಪಾಯದ ರೇಟ್ ಹೇಳಿದವನು ಅಂದಾಜಿನ ಮೇಲೆ ಹೇಳ್ತಿದ್ದಾನೆ. "ಅಕ್ಕಾರ, ಈ ಗ್ವಾಡಿ ಮ್ಯಾಲ ಸ್ಲ್ಯಾಬ್ ಆಗಂಗಿಲ್ರಿ, ಈ ದುಡ್ಡಿನಾಗ ಎರಡು ಖೋಲಿ ಅಷ್ಟ ಆಗ್ತಾವ" ಅಂತ ಹೇಳುವ ಗೌಂಡಿ ಸಿಕ್ಕರೆ ಬಿಡಬೇಡಿ.

ಇನ್ನು ಕಾಗದದ ಮಾತು. ನಾನು ಆಫೀಸಿನಲ್ಲಿ ಗುಮಾಸ್ತ. ಸರ್ಕಾರಿ ಕೆಲಸ ಅಂದರೆ ಎಸ್ಟಿಮೇಟ್, ವರ್ಕ್ ಆರ್ಡರ್, ಅಳತೆ ಪುಸ್ತಕ, ಬಿಲ್ಲು. ಒಂದು ಗಟಾರು ಕಟ್ಟಿದರೂ ಉದ್ದ, ಅಗಲ, ಆಳ ಎಂಬಿ ಪುಸ್ತಕದಲ್ಲಿ ಬರೆಯದೆ ಬಿಲ್ಲು ಮುಂದೆ ಹೋಗೋದಿಲ್ಲ. ಅಲ್ಲಿ ಕಳ್ಳತನ ಇಲ್ಲ ಅಂತ ಅಲ್ಲ. ಆದರೆ ಕಳ್ಳತನ ಆದಾಗ ಹಿಡಿಯೋಕೆ ಒಂದು ಕಾಗದ ಇರುತ್ತೆ. ನಾವು ಐದು ಲಕ್ಷವನ್ನ ಚಹಾ ಅಂಗಡಿಯ ಮಾತಿನ ಮೇಲೆ ಕೊಡ್ತೀವಿ. ಕಾಗದ ಕೇಳಿದರೆ "ನನ್ನ ಮ್ಯಾಲ ನಂಬಿಗಿ ಇಲ್ಲೇನು?" ಅಂತ ಮುಖ ಸಣ್ಣ ಮಾಡ್ತಾರೆ. ಮುಖ ಸಣ್ಣ ಆದರೆ ಆಗಲಿ. ನಮ್ಮ ಹಿರಿಯರ ಜಮೀನು, ಜಾಗ ಹೋದದ್ದೆಲ್ಲ ಕಾಗದ ಇಲ್ಲದ್ದಕ್ಕೆ, ಅಥವಾ ಓದೋಕೆ ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಕ್ಕೆ. ಬಾಬಾಸಾಹೇಬರು ಶಿಕ್ಷಣ ಶಿಕ್ಷಣ ಅಂದದ್ದು ನೌಕರಿಗಾಗಿ ಅಷ್ಟೇ ಅಲ್ಲ. ಅವರೇ 1930ರ ದಶಕದ ಆರಂಭದಲ್ಲಿ ದಾದರಿನ ಹಿಂದೂ ಕಾಲೊನಿಯಲ್ಲಿ ರಾಜಗೃಹ ಕಟ್ಟಿಸಿದಾಗ ತಮ್ಮ ಪುಸ್ತಕಗಳಿಗೆ ಹೇಗೆ ಜಾಗ ಬೇಕು ಅಂತ ನಕ್ಷೆಯನ್ನ ತಾವೇ ಕೂತು ನೋಡಿದರು. ಮುಂದೆ 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ಕೇಂದ್ರದ ಲೋಕೋಪಯೋಗಿ ಕೆಲಸಗಳೂ ಅವರ ಇಲಾಖೆಯಲ್ಲೇ ಇದ್ದವು. ಅವರ ಫೋಟೋ ಹೊಸ ಮನೆಯ ಗೋಡೆಗೆ ಹಾಕ್ತೀವಿ. ಗೋಡೆ ಕಟ್ಟುವಾಗಲೂ ಅವರನ್ನ ಸ್ವಲ್ಪ ನೆನೆಯೋಣ.

ಕಾಗದದಲ್ಲಿ ಏನು ಇರಬೇಕು? ದೊಡ್ಡ ಭಾಷೆ ಬೇಡ, ಕನ್ನಡದಲ್ಲಿ ಒಂದೆರಡು ಹಾಳೆ ಸಾಕು. ಬರೀ ಲೇಬರ್ ಗುತ್ತಿಗೆಯೋ, ಮಾಲು ಸಮೇತವೋ. ಅಳತೆ ಹೇಗೆ ಹಿಡೀತಾರೆ: ಚದರಡಿಗೆ ಇಷ್ಟು ಅಂದರೆ ಹೊರಗಿನ ಅಳತೆಯೋ ಒಳಗಿನದೋ, ಪಾಯ ಮತ್ತು ಪಾಯಖಾನೆಯ ಗುಂಡಿ ಅದರಲ್ಲೇ ಬಂತೋ ಬೇರೆಯೋ. ಸಿಮೆಂಟು, ಸಳಿ ಯಾವ ಕಂಪನಿಯದು. ಫರಸಿ, ಬಾಗಿಲು, ವೈರಿಂಗ್ ಯಾವುದು ಸೇರಿದೆ, ಯಾವುದು ಇಲ್ಲ. ಎಷ್ಟು ದಿನದಲ್ಲಿ ಮುಗಿಸಬೇಕು. ಹೆಚ್ಚುವರಿ ಕೆಲಸ ಬಂದರೆ ಮೊದಲು ರೇಟ್ ಬರೆದು ಆಮೇಲೆ ಮಾಡೋದು. ಕೆಲಸದ ಮೇಲೆ ಆಳಿಗೆ ಪೆಟ್ಟಾದರೆ ಯಾರ ಜವಾಬ್ದಾರಿ. ಇಬ್ಬರ ಸಹಿ, ಇಬ್ಬರು ಸಾಕ್ಷಿ, ಇಬ್ಬರ ಹತ್ತಿರವೂ ಒಂದೊಂದು ಪ್ರತಿ. ಮನೆಯ ಹೆಣ್ಮಕ್ಕಳು ಸಹಿ ಮಾಡಲಿ. ದಿನಾ ಕೆಲಸ ನೋಡುವವರು ಅವರೇ. ಎಷ್ಟೋ ಯೋಜನೆಗಳಲ್ಲಿ ಮನೆ ಮಂಜೂರಾಗೋದೂ ಅವರ ಹೆಸರಿಗೇ.

ಈಗ ಅಳತೆ. ನಂಬಿಕೆ ಇಡೋದು ಬೇರೆ, ಎಣಿಸೋದು ಬೇರೆ. ಎರಡನ್ನೂ ಮಾಡಿ. ಒಂದು ಟೇಪು ಕೊಳ್ಳಿ.

ಉಸುಕು, ಖಡಿ ನಮ್ಮಲ್ಲಿ ಬ್ರಾಸ್ ಲೆಕ್ಕ. ಒಂದು ಬ್ರಾಸ್ ಅಂದರೆ 100 ಘನ ಅಡಿ. ಟ್ರಾಲಿಯ ಒಳಗಡೆ 10 ಅಡಿ ಉದ್ದ, 5 ಅಡಿ ಅಗಲ ಇದ್ದರೆ 2 ಅಡಿ ಎತ್ತರ ತುಂಬಿದಾಗ ಒಂದು ಬ್ರಾಸ್. ಒಂದೂವರೆ ಅಡಿ ತುಂಬಿದ್ದರೆ ಮುಕ್ಕಾಲು ಬ್ರಾಸ್ ಅಷ್ಟೇ. ಖಾಲಿ ಮಾಡೋದಕ್ಕೆ ಮೊದಲು ಅಳೆಯಿರಿ, ಆಮೇಲೆ ಗುಡ್ಡೆ ನೋಡಿ ಜಗಳ ಮಾಡಿ ಉಪಯೋಗ ಇಲ್ಲ.

ಕಬ್ಬಿಣದ ಸಳಿ ತೂಕದ ಮೇಲೆ ಮಾರ್ತಾರೆ. ಪೂರ್ತಿ ಉದ್ದದ, ಅಂದರೆ 12 ಮೀಟರಿನ ಒಂದು ಸಳಿ 8 ಎಂಎಂ ಇದ್ದರೆ ಸುಮಾರು 4.7 ಕೆಜಿ, 10 ಎಂಎಂ 7.4 ಕೆಜಿ, 12 ಎಂಎಂ 10.6 ಕೆಜಿ ತೂಗಬೇಕು. ಅಂಗಳದಲ್ಲಿ 10 ಎಂಎಂ ಸಳಿ 50 ಬಿದ್ದಿದ್ದರೆ 370 ಕೆಜಿ ಆಯಿತು. ಬಿಲ್ಲಿನಲ್ಲಿ 420 ಅಂತ ಇದ್ದರೆ ಉಳಿದದ್ದು ಎಲ್ಲಿ ಅಂತ ಕೇಳಿ.

ಸಿಮೆಂಟು ಚೀಲ 50 ಕೆಜಿ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚು ಹಾಕಿರ್ತಾರೆ. ಮೂರು ತಿಂಗಳು ದಾಟಿದ್ದು ಬೇಡ ಅನ್ನಿ. ಸ್ಲ್ಯಾಬಿಗೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ ಅಂತ ಒಪ್ಪಿದ್ದರೆ, 500 ಚದರಡಿಯ 5 ಇಂಚಿನ ಸ್ಲ್ಯಾಬಿಗೆ ಸುಮಾರು 45ರಿಂದ 50 ಚೀಲ ಬೇಕು. 30 ಚೀಲಕ್ಕೆ ಮುಗಿಸಿದೆ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅದು ಉಳಿತಾಯ ಅಲ್ಲ. ಖಾಲಿ ಚೀಲಗಳನ್ನ ಎಣಿಸಿ ಕಟ್ಟಿ ಇಡಿ, ಕೆಲಸ ಮುಗಿಯುವತನಕ ಯಾರಿಗೂ ಕೊಡಬೇಡಿ. ಸ್ಲ್ಯಾಬ್ ಹಾಕುವ ದಿನ ಕೂಲಿ ಬಿಟ್ಟಾದರೂ ಮನೆಯವರೊಬ್ಬರು ಅಲ್ಲೇ ಇರಿ. ಅವತ್ತು ಮುಚ್ಚಿಹೋದದ್ದು ಮತ್ತೆ ಕಾಣೋದಿಲ್ಲ. ಸಳಿ ಕಟ್ಟಿದ ಮೇಲೆ, ಕಾಂಕ್ರೀಟು ಸುರಿಯೋ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಇನ್ನು ನೀರು. ಸ್ಲ್ಯಾಬಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ ಒಣಗದಂತೆ ನೀರು ನಿಲ್ಲಿಸಬೇಕು. ಕೆಳಗಿನ ಆಸರೆ ಕಂಬಗಳನ್ನ 4.5 ಮೀಟರ್ ಒಳಗಿನ ಅಂಕಣಕ್ಕೆ ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ತೆಗೆಯಬಾರದು ಅಂತ ಐಎಸ್ 456 ನಿಯಮ ಹೇಳುತ್ತೆ. ಸೆಂಟ್ರಿಂಗ್ ಪ್ಲೇಟು ಮುಂದಿನ ಕೆಲಸಕ್ಕೆ ಬೇಕು ಅಂತ ಐದನೇ ದಿನ ಬಿಚ್ಚೋಕೆ ಬಂದರೆ ಬಾಗಿಲಿಗೆ ಅಡ್ಡ ನಿಲ್ಲಿ. ಬೇಸಿಗೆಯಲ್ಲಿ ನಮ್ಮ ಓಣಿಗೆ ನಳ ಯಾವಾಗ ಬರುತ್ತೆ ಅನ್ನೋದೂ ಈ ಲೆಕ್ಕದೊಳಗೆ ಸೇರಿರಲಿ. ನೀರಿನ ವ್ಯವಸ್ಥೆ ಯಾರದ್ದು ಅಂತ ಮೊದಲೇ ಬರೆದುಕೊಳ್ಳಿ.

ದುಡ್ಡು ಕೊಡೋದು ಹೇಗೆ? ಸಂಚಕಾರ ಅಂತ ಒಂದಿಷ್ಟು, ಆಮೇಲೆ ಕೆಲಸ ಮುಗಿದ ಹಂತಕ್ಕೆ ಮಾತ್ರ. ಪಾಯ ಮುಗಿದ ಮೇಲೆ ಪಾಯದ್ದು, ಗೋಡೆ ಮುಗಿದ ಮೇಲೆ ಗೋಡೆಯದ್ದು. ಕೊನೆಗೆ ನೂರಕ್ಕೆ ಹತ್ತರಷ್ಟನ್ನ ಮೊದಲ ಮಳೆ ನೋಡುವತನಕ ಇಟ್ಟುಕೊಳ್ತೀವಿ ಅಂತ ಕಾಗದದಲ್ಲೇ ಬರೆಯಿರಿ. ಸೋರಿದರೆ ಸರಿ ಮಾಡಿ ತಗೊಳ್ಳಲಿ. ಆದಷ್ಟು ಬ್ಯಾಂಕಿನಿಂದ ಅಥವಾ ಫೋನ್‌ಪೇಯಲ್ಲಿ ಕೊಡಿ. ನಗದು ಕೊಟ್ಟರೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಸಹಿ ಹಾಕಿಸಿ.

ಕಾಗದ ಅನ್ನೋದು ಮನೆಯವರಿಗೆ ಮಾತ್ರ ಕಾವಲು ಅಂತ ತಿಳೀಬೇಡಿ. 2022ರ ಏಪ್ರಿಲ್‌ನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಒಬ್ಬ ಗುತ್ತಿಗೆದಾರ ಉಡುಪಿಯಲ್ಲಿ ಪ್ರಾಣ ಕಳಕೊಂಡದ್ದು ನೆನಪಿರಬೇಕು. ಹಿಂಡಲಗಾದಲ್ಲಿ ಕೋಟಿಗಟ್ಟಲೆ ಕೆಲಸ ಮಾಡಿದ್ದೇನೆ, ಬಿಲ್ಲು ಬಂದಿಲ್ಲ ಅಂತ ಅವರು ಹೇಳಿದ್ದರು. ಕೆಲಸಕ್ಕೆ ವರ್ಕ್ ಆರ್ಡರೇ ಇರಲಿಲ್ಲ ಅಂತ ಸರ್ಕಾರದ ಕಡೆಯವರು ಅಂದರು. ಕಮಿಷನ್ ಆರೋಪ, ತನಿಖೆ, ರಾಜಕೀಯ ಎಲ್ಲ ಆಯಿತು, ಅದರ ವಿಚಾರಕ್ಕೆ ನಾನು ಇಲ್ಲಿ ಹೋಗೋದಿಲ್ಲ. ಬಾಯಿಮಾತಿನ ಮೇಲೆ ಕೆಲಸ ಮಾಡಿದವನ ಕೈಯಲ್ಲಿ ಕೊನೆಗೆ ಏನೂ ಉಳಿಯೋದಿಲ್ಲ ಅನ್ನೋದಷ್ಟೇ ನನ್ನ ಮಾತು. ಕೋಟಿ ಕೆಲಸದ ಗುತ್ತಿಗೆದಾರನ ಗತಿಯೇ ಹೀಗಾದರೆ, ನಮ್ಮ ಕೇರಿಯ ಸಣ್ಣ ಗೌಂಡಿಯದ್ದೇನು? ಊರೊಳಗಿನ ಮನೆ ಕಟ್ಟಿಕೊಟ್ಟು ಕೊನೆಯ ಇಪ್ಪತ್ತು ಸಾವಿರಕ್ಕೆ ವರ್ಷಗಟ್ಟಲೆ ಅಲೆದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ.

ಈಗ ಸೂಕ್ಷ್ಮದ ಮಾತಿಗೆ ಬರ್ತೀನಿ: ನಮ್ಮವನಿಗೇ ಕೆಲಸ ಕೊಡಬೇಕಾ?

ಕೊಡಬೇಕು. ನಾನು ಅದನ್ನ ಒಪ್ಪುವವನೇ. ಈ ಸೀಮೆಯ ಎಷ್ಟು ಗುಡಿ, ಎಷ್ಟು ವಾಡೆ, ಎಷ್ಟು ಬಂಗಲೆ ನಮ್ಮವರ ಕೈಯಿಂದ ಎದ್ದವು. ಗೃಹಪ್ರವೇಶದ ದಿನ ಆ ಕೈಗಳಿಗೆ ಅಂಗಳದಲ್ಲೇ ಎಲೆ. ಪಾಯದಿಂದ ಸ್ಲ್ಯಾಬಿನವರೆಗೆ ಕಟ್ಟಿದವನು, ಕಟ್ಟಿದ ಮೇಲೆ ಹೊಸ್ತಿಲು ದಾಟುವ ಹಾಗಿಲ್ಲ. ದೇವರ ಕೋಣೆಗೆ ಮಾತ್ರ ಬೇರೆ ಜಾತಿಯ ಗೌಂಡಿ ಹುಡುಕುವವರು ಇನ್ನೂ ಇದ್ದಾರೆ. ಹಾಗಿರುವಾಗ ನಮ್ಮ ಮನೆಯ ಕೆಲಸವಾದರೂ ನಮ್ಮ ಹುಡುಗರಿಗೆ ಸಿಗಲಿ ಅನ್ನೋದು ನ್ಯಾಯ.

ಆದರೆ "ನಮ್ಮಾಂವ" ಅನ್ನೋ ಮಾತು ಕಾಗದದ ಬದಲಿಗೆ ಬರಬಾರದು. ಬಂದಲ್ಲೆಲ್ಲ ಎರಡೂ ಕಡೆ ಕೆಟ್ಟಿದೆ. ನಮ್ಮವ ಅಂತ ಮನೆಯವರು ಲೆಕ್ಕ ಕೇಳೋದಿಲ್ಲ, ನಮ್ಮವರು ಅಂತ ಗೌಂಡಿ ಬಾಕಿ ಕೇಳೋದಿಲ್ಲ. ಒಳಗೊಳಗೇ ಸಿಟ್ಟು ಬೆಳೆದು ಒಂದು ದಿನ ಜಯಂತಿಯ ಮೆರವಣಿಗೆಯಲ್ಲಿ ಎರಡು ಗುಂಪಾಗ್ತವೆ. ಕೇರಿಯ ಎಷ್ಟೋ ಒಡಕಿನ ಬುಡದಲ್ಲಿ ಸಿದ್ಧಾಂತ ಇಲ್ಲ, ಬರೆಯದೇ ಬಿಟ್ಟ ಒಂದು ಲೆಕ್ಕ ಇದೆ.

ಇನ್ನೊಂದು ವಿಚಾರ. ಕೆಟಿಪಿಪಿ ಕಾಯ್ದೆಗೆ ತಿದ್ದುಪಡಿ ತಂದು ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 17.15, ಪಂಗಡಕ್ಕೆ ಶೇ. 6.95 ಮೀಸಲು ಮಾಡಿದರು. ಮೊದಲು 50 ಲಕ್ಷದವರೆಗಿನ ಕೆಲಸಕ್ಕೆ, 2023ರಲ್ಲಿ ಅದು 1 ಕೋಟಿಗೆ ಏರಿತು. ಹೋರಾಟದಿಂದ ಬಂದದ್ದು, ದೊಡ್ಡದೇ. ಆದರೆ ಲೈಸನ್ಸು ನಮ್ಮ ಹುಡುಗನ ಹೆಸರಿನಲ್ಲಿ, ಕೆಲಸ ಮತ್ತು ಲಾಭ ಬೇರೆಯವರದ್ದು ಅನ್ನೋ ದೂರನ್ನ ನಾವೇ ಸಭೆಗಳಲ್ಲಿ ಮಾತಾಡ್ತೀವಿ. ಯಾಕೆ ಹೀಗಾಗುತ್ತೆ? ಬಂಡವಾಳ ಇಲ್ಲ, ಅದು ನಿಜ. ಜೊತೆಗೆ ಎಸ್ಟಿಮೇಟ್ ಬರೆದು, ಅಳತೆ ಹಿಡಿದು, ಆಳುಗಳ ಹಾಜರಿ ಇಟ್ಟು ರೂಢಿ ಇಲ್ಲ. ಆ ರೂಢಿ ಟೆಂಡರಿನ ದಿನ ಒಮ್ಮೆಲೇ ಬರೋದಿಲ್ಲ. ನಮ್ಮ ಕೇರಿಯ ಒಂದು ಪಾಯಖಾನೆ, ಒಂದು ಅಡುಗೆಮನೆಯ ರಿಪೇರಿಯನ್ನ ಕಾಗದದ ಮೇಲೆ ಮಾಡಿಸಿದರೆ, ಆ ಹುಡುಗನಿಗೆ ನಾಳೆ ಬೇರೆಯವರಿಗೆ ತೋರಿಸೋಕೆ ಒಂದು ಲೆಕ್ಕ ಇರುತ್ತೆ. ಹಾಗಾಗಿ ನಮ್ಮವನ ಹತ್ತಿರ ಕರಾರುಪತ್ರ ಕೇಳೋದು ಅವಮಾನ ಅಲ್ಲ, ಅವನನ್ನ ಗೌಂಡಿಯಿಂದ ಗುತ್ತಿಗೆದಾರ ಮಾಡುವ ದಾರಿ. ಕೆಲಸ ಮುಗಿದ ಮೇಲೆ ಆಳುಗಳ ಲೇಬರ್ ಕಾರ್ಡಿಗೆ 90 ದಿನದ ಕೆಲಸದ ಸಹಿ ಬೇಕಾಗುತ್ತೆ. ದುಡಿದವರಿಗೆ, ದುಡಿದಷ್ಟಕ್ಕೆ ಆ ಸಹಿ ಸಿಗುವ ಹಾಗೆ ನೋಡಿಕೊಳ್ಳೋದು ಮನೆಯವರ ಕೆಲಸವೂ ಹೌದು.

ಇಷ್ಟೆಲ್ಲ ಮಾಡಿಯೂ ಮೋಸ ಆದರೆ? ಮೊದಲು ಫೋಟೋ, ನೋಟ್‌ಬುಕ್ಕು, ಕಾಗದ ತಗೊಂಡು ಬೇರೆ ಇಂಜಿನಿಯರ್ ಹತ್ತಿರ ತೋರಿಸಿ, ಏನು ಕೆಟ್ಟಿದೆ ಅಂತ ಬರೆಸಿಕೊಳ್ಳಿ. ಗುತ್ತಿಗೆದಾರನಿಗೆ ಲಿಖಿತ ನೋಟಿಸ್ ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆ ಅಂತಲೇ ಬರುತ್ತೆ. ಜಿಲ್ಲಾ ಗ್ರಾಹಕ ಆಯೋಗ ಬೆಳಗಾವಿಯಲ್ಲಿದೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು ಅನ್ನೋದು ನೆನಪಿರಲಿ.

ಒಂದು ಮಾತು ನಮ್ಮ ಕಾರ್ಯಕರ್ತರಿಗೆ, ಬೇಜಾರಾದರೂ ಹೇಳ್ತೀನಿ. ಗಿಲಾವ್ ಉದುರಿದ ಜಗಳಕ್ಕೆ ಹೋಗಿ "ಅಟ್ರಾಸಿಟಿ ಹಾಕ್ತೀವಿ" ಅಂತ ಹೆದರಿಸಬೇಡಿ. ಬಾಕಿ ಕೇಳೋಕೆ ಹೋದಾಗ ಜಾತಿ ಹಿಡಿದು ಬೈದರೆ, ಕೈ ಮಾಡಿದರೆ, ಆಗ 1989ರ ಕಾಯ್ದೆ ಇದ್ದೇ ಇದೆ, ಹಿಂದೆ ಸರಿಯೋದು ಬೇಡ. ಆದರೆ ಉಸುಕು–ಸಿಮೆಂಟಿನ ಲೆಕ್ಕಕ್ಕೆ ಆ ಕಾನೂನನ್ನ ಎಳೆದರೆ, ನಾಳೆ ನಿಜವಾಗಿ ಪೆಟ್ಟು ತಿಂದವಳ ಕೇಸು ಹಗುರ ಆಗುತ್ತೆ.

ಕೊನೆಗೆ ಒಂದು ಕೆಲಸ. ಪ್ರತಿ ಊರಿನ ನಮ್ಮ ಸಂಘದವರು ಈ ಬೇಸಿಗೆಯಲ್ಲಿ ಒಂದು ಸಂಜೆ ಕೂತು ಮೂರು ಪಟ್ಟಿ ಮಾಡಿ. ಕೂಲಿ ಸರಿಯಾಗಿ ಕೊಡುವ ಗೌಂಡಿಗಳದ್ದು ಒಂದು. ಈ ತಿಂಗಳ ಸಿಮೆಂಟು, ಸಳಿ, ಉಸುಕು, ಹಾಜರಿ ರೇಟಿನದ್ದು ಒಂದು. ಕರಾರುಪತ್ರ ಬರೆದುಕೊಡಬಲ್ಲ ಓದಿದ ಹುಡುಗ–ಹುಡುಗಿಯರದ್ದು ಒಂದು. ಮೊದಲನೇ ಪಟ್ಟಿ ಮಾಡುವಾಗ ಮುಂದಿನ ಸಾಲಿನಲ್ಲಿ ಬುಟ್ಟಿ ಹೊರುವ ಹೆಣ್ಮಕ್ಕಳನ್ನ ಕೂಡಿಸಿ, ಅವರು ಹೇಳಿದ ಹೆಸರು ಬರೆದುಕೊಳ್ಳಿ. ಮುನವಳ್ಳಿಯಲ್ಲಿ ನಾವು ಶುರು ಮಾಡ್ತೀವಿ. ಕರಾರುಪತ್ರದ ನಮೂನೆ ಬೇಕಾದವರು ಕೆಳಗೆ ತಿಳಿಸಿ, ಕಳಿಸ್ತೀನಿ. ನಿಮ್ಮ ಊರಿನ ಈಗಿನ ರೇಟನ್ನೂ ಬರೆಯಿರಿ, ಹತ್ತು ಜನರಿಗೆ ಉಪಯೋಗ ಆಗುತ್ತೆ.

ಜೈಭೀಮ್.